ಮುಚ್ಚಳದಡಿಯ ಪ್ಲಾಸ್ಟಿಕ್

ಹುಮನಾಬಾದಿನಿಂದ ನಾನು ತಂದ ಅಪ್ಪನ ಹಳೆಯ ಬೈಕು ಅರ್ಧ ಗಂಟೆ ಓಡಿ ತಾನಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ನಾಳೆ ಮಿಯಾಪುರದಲ್ಲಿ ನನ್ನ ಮೊದಲ ಸಂದರ್ಶನವಿದೆ. ನಾಚಾರಂನ ಮೆಕ್ಯಾನಿಕ್ ಒಬ್ಬರಿಗೆ ಇದನ್ನೆಲ್ಲ ಎಚ್ಚರಿಕೆಯ ಹಿಂದಿಯಲ್ಲಿ ವಿವರಿಸಿದೆ. ಅವರು ನಂಬರ್ ಪ್ಲೇಟ್ ನೋಡಿ, “ಕನ್ನಡದಾಗ ಹೇಳ್ರಿ ಸರ್, ನಾನೂ ನಿಮ್ಮ ಕಡೆಯಾಂವ, ಯಾದಗಿರಿ,” ಎಂದರು. ಈ ಊರಿಗೆ ಬಂದ ನಾಲ್ಕು ದಿನಗಳಲ್ಲಿ ನಾನು ಕನ್ನಡ ಕೇಳಿದ್ದು ಅದೇ ಮೊದಲು.

ಅವರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದೊಡನೆ ಗಾಳಿ ಸುಯ್ಯೆಂದು ಒಳನುಗ್ಗಿತು. ಮುಚ್ಚಳದಡಿಯಲ್ಲಿ ಮಡಚಿದ ಪ್ಲಾಸ್ಟಿಕ್ ಚೀಲವಿತ್ತು.

“ಗಾಳಿ ಹೋಗೋ ತೂತು ಬಂದ್ ಆಗೈತಿ. ಪೆಟ್ರೋಲ್ ಹೆಂಗ ಕೆಳಗ ಇಳೀಬೇಕ್ರಿ? ಯಾರು ಇಷ್ಟು ಶಾಣ್ಯಾರು?”

“ನಾನೇ. ಮಳೆನೀರು ಹೋಗಬಾರದೆಂದು ಇಟ್ಟಿದ್ದೆ.”

“ಓದಿದವರು ಬಿಡ್ರಿ!” ಎಂದು ನಕ್ಕ ಅವರು ಚೀಲವನ್ನು ಕಿತ್ತೆಸೆದು, ಬೈಕನ್ನು ಪರೀಕ್ಷಿಸಲು ನನ್ನ ಹಿಂದೆ ಕುಳಿತರು. ಸಿಕಂದರಾಬಾದಿನವರೆಗೆ ಹೋಗಿ ಬಂದೆವು. ಊರಿನ ಮಳೆ, ಜೋಳದ ರೊಟ್ಟಿ, ತಂಗಿಯ ಮದುವೆ ಎಂದು ದಾರಿಯುದ್ದಕ್ಕೂ ಅವರ ಮಾತು ನನ್ನ ಬೆನ್ನ ಹಿಂದಿತ್ತು. ಬೈಕು ಒಮ್ಮೆಯೂ ನಿಲ್ಲಲಿಲ್ಲ.

ಅಂಗಡಿಯ ಮುಂದೆ ಇಳಿದು, “ಮಿಯಾಪುರ ಏನ್ರಿ, ಸೀದಾ ಊರಿಗೇ ಹೋಗ್ರಿ,” ಎಂದು ಅವರು ಇನ್ನೊಂದು ಬೈಕಿನತ್ತ ತಿರುಗಿದರು. ಅವರನ್ನು ಮತ್ತೆ ಮಾತಿಗೆಳೆಯಲು ಇನ್ನೇನಾದರೂ ದೋಷ ಉಳಿದಿದೆಯೇ ಎಂದು ಎಂಜಿನ್ನಿನ ಸದ್ದನ್ನೇ ಆಲಿಸುತ್ತ ನಾನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ.