ನಲವತ್ತೈದರ ಕೇಕು

ತೆಲುಗು ನಾಡಿನ ಮಧುರವಾಡದಲ್ಲಿದ್ದ ನಮ್ಮ ಬ್ಯಾಂಕಿನ ಕಂಪ್ಯೂಟರ್ ಅಧಿಕಾರಿ ಹೊರದೇಶದ ಕೆಲಸದ ಪರವಾನಗಿಗೆ ಅರ್ಜಿ ಹಾಕಿದ್ದರು. ಅವರನ್ನು ಕರೆಸಿಕೊಳ್ಳಲು ಅಲ್ಲಿ ಕೆಲಸ ಕೊಡುವವರು ಯಾರೂ ಇರಲಿಲ್ಲ. ಓದು, ಅನುಭವಕ್ಕೆ ಕೊಟ್ಟ ಅಂಕ ನೋಡಿ ಆ ದೇಶವೇ ಕರೆಯುತ್ತದಂತೆ, ವಯಸ್ಸು ನಲವತ್ತೈದು ತುಂಬುವುದರೊಳಗೆ. "ಕರೀತಾರಂಡಿ," ಎನ್ನುತ್ತಿದ್ದರು, ಕನ್ನಡಕ್ಕೆ ತೆಲುಗಿನ ಮರ್ಯಾದೆ ಅಂಟಿಸಿ, ಫೋನು ನೋಡುತ್ತ. ಅವರ ಪಾಲಿನ ಆತಂಕವನ್ನು ನಾನು ಪುಕ್ಕಟೆ ಪಡುತ್ತಿದ್ದೆ.

ಕರೆ ಇನ್ನೂ ಬಂದಿರಲಿಲ್ಲ; ಅವರ ನಲವತ್ತೈದನೆಯ ಹುಟ್ಟುಹಬ್ಬ ಭಾನುವಾರ ಬಿತ್ತು. ರಜೆಯಾದರೆ ಹಿಂದಿನ ದಿನವೇ ಕೇಕು ಕತ್ತರಿಸುವುದು ನಮ್ಮ ಶಾಖೆಯ ಪದ್ಧತಿ. ಸಮಾಧಾನ ಹೇಳಲು ಬೇರೆ ದಾರಿ ತೋಚದೆ, ಮೇಲೆ '45' ಎಂದು ದೊಡ್ಡದಾಗಿ ಬರೆಸಿ ತಂದೆ.

ಅವರು ಚಾಕು ಕೆಳಗಿಟ್ಟರು. "ಇವತ್ತು ನನಗೆ ನಲವತ್ನಾಲ್ಕೇ ಅಂಡಿ. ಫ್ರಿಜ್ಜಲ್ಲಿಡಿ."

ಸೋಮವಾರ ಅವರೇ ಹೊರತೆಗೆದು ಕತ್ತರಿಸಿ, '5' ಅಂಕಿ ಇದ್ದ ತುಂಡನ್ನು ನನ್ನ ಕೈಗಿಟ್ಟರು.

"ಕರೀಲಿಲ್ಲಂಡಿ. ನೀವು ತಂದದ್ದು, ನೀವೇ ತಿನ್ನಿ."