ಹೊರಗೆ ಕೂತವಳ ಕಾವಲು

ಆಗ ನನಗೆ ಹದಿನಾರು. ಈಗ ಎಂಬತ್ತಮೂರು. ಅರವತ್ತೇಳು ವರ್ಷದ ಹಿಂದಿನ ಮಾತು. ಮರೆಯಬಹುದಿತ್ತು, ಮರೆತಿಲ್ಲ.

ತವರು ಹಿರೇಕೆರೂರು, ಕೊಟ್ಟದ್ದು ಸವಣೂರಿಗೆ. ಸವಣೂರಿನಲ್ಲಿ ಆಗಿನ್ನೂ ನವಾಬರ ಆಡಳಿತ. ಗಂಡ ಶಿಗ್ಗಾಂವಿಯ ಕಚೇರಿಯಲ್ಲಿ ಕಾರಕೂನ, ವಾರಕ್ಕೊಮ್ಮೆ ಬರುತ್ತಿದ್ದ. ಮೈದುನ ಬೇರೆ ಊರಿನಲ್ಲಿ ಓದುತ್ತಿದ್ದ. ಮನೆಯಲ್ಲಿ ಅತ್ತೆ, ಮಾವ, ನಾನು. ಎಲ್ಲೋ ದೂರದ ದೇಶದಲ್ಲಿ ಯುದ್ಧ ನಡೆದಿತ್ತಂತೆ. ನಮಗೆ ಅದು ತಿಳಿದದ್ದು ಸೀಮೆಎಣ್ಣೆ ಸಿಗದಾದಾಗ, ಮತ್ತೆ ಓಣಿಯಲ್ಲಿ ಬೆಲೆ ಏರಿದ ತಾಮ್ರ ಹಿತ್ತಾಳೆ ಕಳುವಾಗತೊಡಗಿದಾಗ. ತಂಬಿಗೆ ಹೋಯಿತು, ಕೊಡ ಹೋಯಿತು, ಒಬ್ಬರ ಬಚ್ಚಲ ಒಲೆಯ ಮೇಲಿನ ಹಂಡೆಯನ್ನೇ ಕಿತ್ತುಕೊಂಡು ಹೋದರು. ಅದೂ ಹಾಡಹಗಲಲ್ಲಿ, ಜನ ಹೊಲಕ್ಕೆ ಹೋದ ಹೊತ್ತು ನೋಡಿ.

ನಮ್ಮ ಓಣಿಯಲ್ಲಿ ನಾಲ್ಕು ವೈಷ್ಣವರ ಮನೆ, ಉಳಿದವು ಒಕ್ಕಲುತನದ ಲಿಂಗಾಯತರವು. ಅವರ ಮನೆಗಳಲ್ಲಿ ಬೆಳಗಾದರೆ ಗಂಡು ಹೆಣ್ಣು ಎಲ್ಲ ಹೊಲಕ್ಕೆ. ನಮ್ಮ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕು. ಒಳಗೆ ಕಾಲಿಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ನಾಲ್ಕನೆಯ ದಿನ ತಲೆಗೆ ಎರೆದುಕೊಂಡ ಮೇಲೆಯೇ ಒಳಗೆ. ಹಾಗೆ ಕೂರಲು ನಮ್ಮಲ್ಲಿ ತಲೆಬಾಗಿಲ ಮಗ್ಗುಲಿಗೆ ಒಂದು ಸಣ್ಣ ಕೋಣೆಯಿತ್ತು. ಅದರ ಕಿಟಕಿ ಓಣಿಯ ಕಡೆ. ಮಾಡಲು ಕೆಲಸವಿಲ್ಲ, ಓಣಿ ನೋಡುವುದೊಂದೇ. ಕಳವು ಹೆಚ್ಚಾದ ಮೇಲೆ ಓಣಿಯವರೆಲ್ಲ ಅದನ್ನೇ ಕಾವಲು ಮಾಡಿಕೊಂಡರು. ಹೊಲಕ್ಕೆ ಹೊರಟವರು ಕಿಟಕಿಯ ಮುಂದೆ ನಿಂತು ಕೂಗುತ್ತಿದ್ದರು.

"ಹೊರಗ ಕುಂತೀಯೇನವಾ? ಛಲೋ ಆತು. ಬಾಗಲಾ ಮುಂದ ಮಾಡ್ಕೊಂಡು ಹೊಂಟೇನಿ, ನೋಡ್ಕೊ."

ಛಲೋ ಆತಂತೆ. ಬೀಗವನ್ನೂ ಹಾಕದೆ ಬರೀ ಕದ ಎಳೆದುಕೊಂಡು ಹೋಗುತ್ತಿದ್ದರು. ನಾಲ್ಕು ಮನೆಗಳಲ್ಲಿ ಯಾರಾದರೊಬ್ಬರು ಹೊರಗಿರುತ್ತಲೇ ಇದ್ದರು. ಯಾರೂ ಇಲ್ಲದ ದಿನ ಓಣಿಯವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು.

ಆ ಶ್ರಾವಣದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಪಂಚಮಿಗೆ ಮಗಳನ್ನು ಕಳಿಸಿಕೊಡಿ ಎಂದು ಪತ್ರ ಬಂತು. ಮದುವೆಯಾಗಿ ಎರಡು ವರ್ಷ, ಒಮ್ಮೆಯೂ ತವರಿಗೆ ಕಳಿಸಿರಲಿಲ್ಲ. ಈ ಸಲ ಅತ್ತೆ ಹೂಂ ಅಂದರು. ಅಣ್ಣ ಬರುವ ದಿನ ಗೊತ್ತಾಯಿತು. ಅಷ್ಟರಲ್ಲಿ ನಾನು ಹೊರಗಾದೆ.

"ನಾಲ್ಕನೇ ದಿನಾ ಎರಕೊಂಡು ಹೋಗೀಯಂತ. ಅಲ್ಲೀತನಕಾ ಕಿಡಕಿ ಬಿಟ್ಟು ಏಳಬ್ಯಾಡ. ಓಣ್ಯಾಗ ಏನರೆ ಹೋತಂದ್ರ ನಿನ್ನ ಹೆಸರು ಬರ್ತದ," ಎಂದರು ಅತ್ತೆ.

ನಾನು ಏಳಲಿಲ್ಲ. ನಾಯಿ ಹೋದರೂ ನೋಡಿದೆ, ಬೆಕ್ಕು ಹೋದರೂ ನೋಡಿದೆ.

ಎರಡನೆಯ ದಿನ ಮಧ್ಯಾಹ್ನ ಅತ್ತೆ ಮಾವ, ಉಳಿದ ಮೂರು ಮನೆಯವರೂ ಪುರಾಣ ಕೇಳಲು ಮಠಕ್ಕೆ ಹೋದರು. ಓಣಿಯಲ್ಲಿ ಉಳಿದದ್ದು ನಾನು, ಎದುರು ಮನೆಯ ಮುದುಕಿ. ಆಕೆಗೆ ಎಲ್ಲರೂ ಆಯಿ ಎನ್ನುತ್ತಿದ್ದೆವು. ಮೊಣಕಾಲು ಹಿಡಿದು ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಳು. ಒಬ್ಬ ಗಂಡಸು ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಎರಡು ಸಲ ಅತ್ತಿತ್ತ ಹೋದ. ಗುರುತಿಲ್ಲದ ಮುಖ. ಕೇಳಬೇಕೆಂದು ಹೇಳಿಕೊಟ್ಟಿದ್ದರು, ಕೇಳಿದೆ.

"ಯಾರಪಾ? ಯಾರ ಮನಿ ಬೇಕಾಗಿತ್ತು?"

"ಒಂದ ತಂಬಗಿ ನೀರ ಬೇಕಾಗಿತ್ತವಾ. ಭಾಳ ನೀರಡಿಕಿ."

"ನಾ ಹೊರಗ ಕೂತೀನಿ, ಕೊಡಲಿಕ್ಕೆ ಬರೂದಿಲ್ಲ. ಮನ್ಯಾಗ ಯಾರೂ ಇಲ್ಲ. ಮುಂದ ಕೇಳು."

"ಆಗಲಿ ಬಿಡವಾ," ಎಂದು ಹೋದ.

ನೀರು ಕೇಳಿದವನಿಗೆ ಇಲ್ಲ ಅನ್ನಬಾರದು. ಅನ್ನಬೇಕಾಗಿ ಬಂದರೆ ಯಾಕೆ ಅಂತ ಹೇಳಬೇಕು. ನಮ್ಮ ಮನೆಗಳಲ್ಲಿ ಹಾಗೇ ಕಲಿಸಿದ್ದು. ಕಾವಲಿಗೆ ಕೂತವಳು ತನ್ನ ಬಾಯಿಂದಲೇ ಹೇಳಿದ್ದೇನು? ಮನೆಯಲ್ಲಿ ಯಾರೂ ಇಲ್ಲ, ಇರುವವಳು ಒಳಗೆ ಬರುವಂತಿಲ್ಲ. ಕಳ್ಳನಿಗೆ ಇನ್ನೇನು ಬೇಕು?

ಸ್ವಲ್ಪ ಹೊತ್ತಿಗೆ ಒಳಗೆ ಪಾತ್ರೆ ಸದ್ದಾಯಿತು. ಹಿತ್ತಲ ಗೋಡೆ ಹಾರಿ ಬಂದಿದ್ದ. ನಾನೆದ್ದು ಪಡಸಾಲೆಯ ಹೊಸ್ತಿಲಿನವರೆಗೆ ಹೋದೆ, ಅಲ್ಲೇ ನಿಂತೆ. ಅಲ್ಲಿಂದ ದೇವರ ಕೋಣೆ ನೆಟ್ಟಗೆ ಕಾಣುತ್ತದೆ. ಅವನು ಆರತಿ ತಟ್ಟೆ, ಗಂಟೆ, ದೀಪ ಎಲ್ಲ ಚೀಲಕ್ಕೆ ಹಾಕುತ್ತಿದ್ದ. "ಕಳ್ಳ, ಕಳ್ಳ" ಎಂದು ಒದರಿದೆ. ಅವನು ತಿರುಗಿ ನೋಡಿದ, ಹೊಸ್ತಿಲಾಚೆ ನಿಂತ ನನ್ನ ಕಾಲು ನೋಡಿದ. ನಕ್ಕ.

"ಒದರವಾ, ಒದರು. ಓಣ್ಯಾಗ ಯಾರದಾರ ಕೇಳಾಕ? ನೀ ಅಂತೂ ಒಳಗ ಬರಾಂಗಿಲ್ಲ."

ಅವಸರವಿಲ್ಲದೆ ದೇವರ ಪೆಟ್ಟಿಗೆ ತೆಗೆದ. ತಾಮ್ರದ ಪೆಟ್ಟಿಗೆ, ಒಳಗೆ ಮಾವನ ಅಜ್ಜನ ಕಾಲದಿಂದ ಪೂಜೆಗೊಂಡ ಮೂರು ಸಾಲಿಗ್ರಾಮ. ಅದನ್ನೂ ಚೀಲಕ್ಕೆ ಹಾಕಿದ.

ನಾನು ಆಗ ಯೋಚನೆ ಮಾಡಿದೆ ಎಂದರೆ ಸುಳ್ಳು. ದೇವರ ಮೇಲಿನ ಭಕ್ತಿ ಎಂದರೆ ಅದೂ ಸುಳ್ಳು. ನನಗೆ ಕಂಡದ್ದು ಅವನ ನಗು, ನೆನಪಾದದ್ದು ಹಿರೇಕೆರೂರು. ಪೆಟ್ಟಿಗೆ ಹೋದರೆ ನನ್ನನ್ನು ಕಳಿಸುವುದಿಲ್ಲ, ಅಷ್ಟೇ. ಬಾಗಿಲ ಹಿಂದಿನ ಅಗಳಿಯ ಕಟ್ಟಿಗೆ ಕಿತ್ತುಕೊಂಡು ಒಳಗೆ ನುಗ್ಗಿದೆ. ಮೊದಲ ಏಟು ಗೋಡೆಗೆ, ಎರಡನೆಯದು ಅವನ ಮೊಣಕೈಗೆ. "ಎಪ್ಪಾ" ಎಂದ. ಚೀಲ ಒಗೆದು ಹಿತ್ತಲಿಗೆ ಓಡಿದ. ನಾನು ಒಳಗೆ ಬಂದೇನು ಎಂದು ಅವನೂ ಎಣಿಸಿರಲಿಲ್ಲ.

ಚೀಲ ಬಿದ್ದ ಹೊಡೆತಕ್ಕೆ ಪೆಟ್ಟಿಗೆ ಬಿಚ್ಚಿತ್ತು. ಎರಡು ಸಾಲಿಗ್ರಾಮ ನೆಲದ ಮೇಲೆ, ಒಂದು ಉರುಳಿ ಮೋರಿಯ ಬಾಯಲ್ಲಿ. ಹೆಕ್ಕಿ, ಸೆರಗಿನಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟೆ. ಆಮೇಲೆ ಕೋಣೆಗೆ ಬಂದು ಕೂತೆ.

ಆಯಿ ಕೋಲು ಊರಿಕೊಂಡು ಕಿಟಕಿಗೆ ಬಂದಳು. ಎಲ್ಲ ಹೇಳಿದೆ. ಅವಳು ಸುತ್ತ ನೋಡಿ ದನಿ ಇಳಿಸಿದಳು.

"ನೀ ಒಳಗ ಹೋಗಿದ್ದಿ ಅಂತ ಹೇಳಬ್ಯಾಡ. ನಾ ಹೋಗಿದ್ದೆ ಅಂತ ಹೇಳು."

"ನೀವಾ? ಈ ಕಾಲು ತೊಗೊಂಡು?"

"ಕಾಲ ಯಾರ ನೋಡ್ತಾರ? ನಿಮ್ಮವರು ನನ್ನ ಹೆಂಗೂ ಒಳಗ ಬಿಡಾಂಗಿಲ್ಲ. ಬೈದ್ರ ಬೈಸ್ಕೊತೇನಿ, ನಾ ಏನ ನಿಮ್ಮ ಮನ್ಯಾಗ ಉಣ್ಣಬೇಕಾಗೇತಿ? ನೀ ಮೊದಲ ನಿಮ್ಮವ್ವನ ಮಕ ನೋಡಾಕ ಹೋಗು."

ನಾನು ಕೇಳಲಿಲ್ಲ. ಹೊಗಳುತ್ತಾರೆ ಅಂದುಕೊಂಡಿದ್ದೆ. ಅಣ್ಣನ ಮುಂದೆ, ನಮ್ಮ ಸೊಸೆ ದೇವರನ್ನು ಉಳಿಸಿದಳು ಎನ್ನುತ್ತಾರೆ, ಅವನು ಹೋಗಿ ಅವ್ವನಿಗೆ ಹೇಳುತ್ತಾನೆ, ಅಂದುಕೊಂಡಿದ್ದೆ. ಹದಿನಾರರ ಬುದ್ಧಿ ಅಷ್ಟೇ ಇರುತ್ತದೆ.

ಅತ್ತೆ ಬಂದವರೇ ಚೆಲ್ಲಿದ ಪಾತ್ರೆ ನೋಡಿದರು. "ಪೆಟ್ಟಿಗಿ ಅದ ಏನು?" ಎಂದರು.

"ಅದ ಅತ್ಯಾರ. ನಾನೇ ಎತ್ತಿಟ್ಟೀನಿ."

"ಯಾವ ಕೈಲೆ?"

ನಾನು ಕೈ ತೋರಿಸಿದೆ. ಅತ್ತೆ ಮಾವನ ಮುಖ ನೋಡಿದರು. ಮಾವ ಪಂಡಿತರು, ಒಳಗೆ ಹೋಗಿ ಪುಸ್ತಕ ತೆಗೆದರು. ತೆಗೆದದ್ದೇ ಬಂತು, ಓದಿದ್ದು ಅತ್ತೆಯ ಮುಖವನ್ನು. ತೀರ್ಪು ಹೊರಬಿತ್ತು: ಮನೆಯೆಲ್ಲ ತೊಳೆಯಬೇಕು, ದೇವರಿಗೆ ಮತ್ತೆ ಶುದ್ಧಿ ಆಗಬೇಕು, ನಾನು ನಲವತ್ತೆಂಟು ದಿನ ಒಪ್ಪತ್ತು ಉಣ್ಣಬೇಕು, ಅದು ಮುಗಿಯುವವರೆಗೆ ಊರು ಬಿಡಬಾರದು. ಸಂಜೆಯವರೆಗೆ ಕೊಡಗಟ್ಟಲೆ ನೀರು ಹೊಯ್ದು ತೊಳೆದರು. ಕಳ್ಳ ಚಪ್ಪಲಿ ಕಾಲಲ್ಲಿ ದೇವರ ಕೋಣೆಗೆ ಹೋಗಿದ್ದ, ಪೆಟ್ಟಿಗೆಗೆ ಕೈ ಹಾಕಿದ್ದ. ಅವನು ಯಾರು, ಯಾವ ಊರು, ಯಾವ ಕಡೆ ಓಡಿದ, ಒಬ್ಬರೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಬಂದ. ಹಾವೇರಿವರೆಗೆ ಇದ್ದಿಲು ಸುಟ್ಟು ಓಡುವ ಮೋಟಾರು, ಅಲ್ಲಿಂದ ಯಾರದೋ ಚಕ್ಕಡಿ. ಧೂಳಿನ ಕಾಲು ತೊಳೆಯಲು ನೀರು ಕೊಡುವ ಮೊದಲೇ ಅವನಿಗೆ ಕಟ್ಟೆಯ ಮೇಲೆ ಸುದ್ದಿ ಹೇಳಿದರು. ನಾನು ಕೋಣೆಯಿಂದ ಕೇಳಿಸಿಕೊಂಡೆ.

"ಅವ್ವ ಭಾಳ ದಿನಾ ಇರೂಹಂಗ ಕಾಣೂದಿಲ್ರೀ," ಎಂದ ಅಣ್ಣ.

"ಅದಕ್ಕ ನಾವೇನು ಮಾಡೋಣಪಾ? ದೇವರನ್ನ ಮುಟ್ಟ್ಯಾಳ."

"ಕಳ್ಳನೂ ಮುಟ್ಟಿದ್ದನಲ್ರೀ?"

"ಕಳ್ಳ ನಮ್ಮನೀಯವ ಅಲ್ಲಲ್ಲ," ಎಂದರು ಅತ್ತೆ.

ಅಣ್ಣ ಕೈಲಾಗದವನು. ಕಿಟಕಿಗೆ ಬಂದು ಒಂದು ಗಂಟು ಇಟ್ಟ, ಪಂಚಮಿಯ ತಂಬಿಟ್ಟಿನ ಉಂಡೆ. ಯಾರು ಕಟ್ಟಿದ್ದು ಎಂದು ಕೇಳಿದೆ. "ಅವ್ವನೇ. ಮಲಕೊಂಡಲ್ಲೇ ಹೇಳಿ ಕಲಸಿಸಿ, ತಾನೇ ಕಟ್ಟಿದ್ಲು."

"ಏನಂದ್ಲು?"

"ಹಾದಿ ನೋಡ್ತಿರ್ತೀನಿ ಅಂದ್ಲು."

ಅವನು ಮಠದಲ್ಲಿ ಮಲಗಿ ಅಲ್ಲಿಂದಲೇ ಊರಿಗೆ ಹೋದ. ನನ್ನ ನಲವತ್ತೆಂಟು ದಿನ ಮುಗಿಯಲು ಒಂಬತ್ತು ದಿನ ಇದ್ದಾಗ ಅವ್ವ ಹೋದಳೆಂದು ಕಾಗದ ಬಂತು. ಓದಿ ಹೇಳಿದವರು ಮಾವ. ನನಗೆ ಆಗ ಓದಲು ಬರುತ್ತಿರಲಿಲ್ಲ. ಆ ಪೆಟ್ಟಿಗೆ ಇವತ್ತಿಗೂ ಮೈದುನನ ಮಗನ ಮನೆಯಲ್ಲಿದೆ, ಮೂರು ಹೊತ್ತು ಪೂಜೆ. ಯಾರು ಉಳಿಸಿದ್ದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಅಲ್ಲಿ ಕೈ ಮುಗಿಯುವುದಿಲ್ಲ.

ಕಳ್ಳ ಬಂದ ಮರುದಿನ, ಅಂದರೆ ನನ್ನ ಮೂರನೆಯ ದಿನ, ಬೆಳಿಗ್ಗೆ ಓಣಿಯವರು ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೊರಟರು. ಒಬ್ಬಾಕೆ ಕಿಟಕಿಯ ಮುಂದೆ ನಿಂತು, "ಹೊರಗ ಅದೀಯಿಲ್ಲವಾ? ಬಾಗಲಾ ಮುಂದ ಮಾಡ್ಕೊಂಡು ಹೊಂಟೇನಿ, ನೋಡ್ಕೊ," ಎಂದಳು. ನಾನು ಎದ್ದೆ, ಕಿಟಕಿಯ ಎರಡೂ ಕದ ಮುಚ್ಚಿ ಚಿಲಕ ಹಾಕಿದೆ, ಅದಕ್ಕೆ ಬೆನ್ನು ಕೊಟ್ಟು ಕೂತು ಗಂಟು ಬಿಚ್ಚಿ ಅವ್ವ ಕಟ್ಟಿದ ಉಂಡೆ ತಿಂದೆ.