ಕಾಳಕ್ಕನ ವಾಷರ್ ದೀಪಗಳು

ಹಿರಿಯೂರು ಬಸ್ ನಿಲ್ದಾಣದ ಹಿಂದಿನ ಬೀದಿ ಇನ್ನೂ ಅರೆನಿದ್ದೆಯಲ್ಲಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಳಕ್ಕ ಆಗಲೇ ಕಸ ಗುಡಿಸುತ್ತಿದ್ದಾರೆ. ಪೊರಕೆಗೆ ಸಿಕ್ಕ ನಟ್ಟು, ತುಕ್ಕು ಹಿಡಿದ ವಾಷರ್, ತಲೆ ಸವೆದ ಸ್ಕ್ರೂಗಳು ನೆಲದ ಮೇಲೆ ಸಣ್ಣಗೆ ಕಿಣಿಗುಟ್ಟುತ್ತವೆ. ಒಂದು ವಾಷರನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿಯುತ್ತಾರೆ. ತೂತಿನೊಳಗೆ ಬೆಳಗಿನ ಆಕಾಶ ಚೂರೇ ಚೂರು ಕಾಣುತ್ತದೆ.

ಐವತ್ತೆಂಟರ ಕಾಳಕ್ಕ ಹತ್ತೊಂಬತ್ತು ವರ್ಷದಿಂದ ಜವನಗೊಂಡನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಇಲ್ಲಿ ಮೊಳೆ, ನಟ್ಟು ವಿಂಗಡಿಸುತ್ತಾರೆ. ಗಂಡ ಚಿತ್ತಪ್ಪ ಕುರಿಹಿಂಡಿನ ಹಿಂದೆ ವರ್ಷದ ಮುಕ್ಕಾಲು ಭಾಗ ಊರಾಚೆ. ಹಬ್ಬದ ರಜೆ ಬಂತೆಂದರೆ ಕೇರಿಯ ಮಕ್ಕಳೆಲ್ಲ ಅವರ ಜಗುಲಿಯಲ್ಲಿ. ಹಳೆಯ ಬಚ್ಚಲ ಜಾಲರಿಯ ಸುತ್ತ ದಾರದಲ್ಲಿ ವಾಷರ್ ಇಳಿಬಿಟ್ಟು, ನಡುವೆ ಬಲ್ಬ್ ಕಟ್ಟಿದರೆ ದೀಪಾವಳಿಯ ಆಕಾಶಬುಟ್ಟಿ ಸಿದ್ಧ. ಗಾಳಿಗೆ ಅದು ತಿರುಗಿದಾಗ ಗೋಡೆಯ ಮೇಲೆ ಬೆಳಕಿನ ಚುಕ್ಕಿಗಳು ತೇಲುತ್ತವೆ. ಗಲಾಟೆಯ ಮಕ್ಕಳೂ ಅದನ್ನೇ ನೋಡುತ್ತಾ ಕೂರುತ್ತಾರೆ.

ಮೂರು ವರ್ಷದ ಹಿಂದೆ, ಹಬ್ಬ ಹತ್ತಿರವಿರುವಾಗ, ಕಾಳಕ್ಕನ ಸೆರಗಿನ ಗಂಟು ಬಿಚ್ಚಿಕೊಂಡು, ಮಕ್ಕಳಿಗೆಂದು ಆಯ್ದಿಟ್ಟಿದ್ದ ವಾಷರೆಲ್ಲ ಗಿರಾಕಿಗಳ ಮುಂದೆಯೇ ಚೆಲ್ಲಿತು. "ಹೇಳ್ದೆ ಕೇಳ್ದೆ ಒಯ್ತೀಯೇನು?" ಎಂದುಬಿಟ್ಟರು ಮಾಲೀಕ ಏಕಾಂತಪ್ಪ.

"ಕಸದಾಗಿಂದು ನೋಡ್ರಿ ಅವು. ಆವತ್ತಿಂದ ಒಂದೂ ಮನೀಗೆ ಒಯ್ಲಿಲ್ಲ ನಾನು" ಎನ್ನುತ್ತಾರೆ ಕಾಳಕ್ಕ. ಆ ರಜೆಯಲ್ಲಿ ಮಕ್ಕಳು ಬಂದರು, ಕಾಳಕ್ಕ ತೆರೆಯದ ಬಾಗಿಲ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದು ಹೋದರು.

ಹಬ್ಬದ ಹಿಂದಿನ ದಿನ ನೆರೆಮನೆಯ ಒಂಬತ್ತರ ಹುಡುಗಿ ಯಮುನಾ, ಅಂಗಡಿಯಲ್ಲಿ ಆದದ್ದು ತಿಳಿದು, ತಾಯಿಯನ್ನು ಹಟ ಮಾಡಿ ಹೊರಡಿಸಿಕೊಂಡು ಅಂಗಡಿಗೆ ಬಂದಳು. ಹಿಂದಿನ ವರ್ಷ ಮಾಡಿದ ಬುಟ್ಟಿಯನ್ನು ಏಕಾಂತಪ್ಪನವರ ಮೇಜಿನ ಮೇಲಿಟ್ಟಳು.

"ಇದ್ರಾಗೆ ಹೊಸದು ಒಂದಾದ್ರೂ ಐತೇನು, ನೋಡ್ರಿ ತಾತ."

ಏಕಾಂತಪ್ಪ ತುಕ್ಕಿನ ವಾಷರ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ತಾವೇ ವೈರು ಸಿಕ್ಕಿಸಿ ಸ್ವಿಚ್ ಒತ್ತಿದರು. ಪೇಂಟ್ ಡಬ್ಬಿಗಳ ಮೇಲೆ, ಹಗ್ಗದ ಸುರುಳಿಗಳ ಮೇಲೆ, ನಿಂತಿದ್ದ ಗಿರಾಕಿಗಳ ಅಂಗಿಯ ಮೇಲೆ ಚುಕ್ಕಿಗಳು ಮೆಲ್ಲಗೆ ಸುತ್ತಿದವು. ಒಳಗೆ ಮೊಳೆ ತೂಗುತ್ತಿದ್ದ ಕಾಳಕ್ಕ ತಕ್ಕಡಿ ಕೆಳಗಿಟ್ಟರು. ಎಲ್ಲರಿಗೂ ಕೇಳುವಂತೆ ಏಕಾಂತಪ್ಪ ಹೇಳಿದರು: "ಕಾಳಕ್ಕ, ನಂದು ತಪ್ಪಾತು."

ಈಗ ಅಂಗಡಿಯಲ್ಲಿ ಡೊಂಕಾದದ್ದು, ಸವೆದದ್ದು ಬೀಳಲೆಂದೇ ಒಂದು ಡಬ್ಬಿಯಿದೆ. ಈ ರಜೆಗೆ ಮಕ್ಕಳು ಇಪ್ಪತ್ತಮೂರು ಬುಟ್ಟಿ ಮಾಡಿದ್ದಾರೆ. ಎಲ್ಲ ನೀವೇ ಕಲಿಸಿದ್ದಲ್ಲವೇ ಎಂದು ಬರೆದುಕೊಳ್ಳುತ್ತ ಕೇಳಿದರೆ ಕಾಳಕ್ಕ ತಲೆ ಅಲ್ಲಾಡಿಸುತ್ತಾರೆ.

"ಹಂಗೆ ಬರೀಬ್ಯಾಡ್ರಿ. ಮಾಡೋವು ಅವೇ. ದಾರ ಕಟ್ಟೋವಾಗ ಅಲ್ಲಾಡ್ದಂಗೆ ಜಾಲರಿ ಹಿಡ್ಕಂತೀನಿ, ಅಷ್ಟೆ ನಾನು."